ಮರಿ ಯಾವುದೆಂದು ಕೇಳಿದರೆ ಮನೆ ಮಾರಿದವರಾರು ಎಂದರು

ಹಾಸನದ ಅತ್ತೆ ಶನಿವಾರ ಬೆಳಿಗ್ಗೆ ನಮ್ಮ ಬಳಗದ ಗುಂಪಿಗೆ ಕಳಿಸಿದ ಸಂದೇಶದ ನೆತ್ತಿಯ ಮೇಲೆ, ಅದು ಹಲವು ಕೈ ದಾಟಿ ಬಂದ ಫಾರ್ವರ್ಡ್ ಎಂಬ ಗುರುತಿತ್ತು. ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ನಿಷೇಧಿಸಿದೆ, ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಕೂಡ ಆ ಪಟ್ಟಿಯಲ್ಲಿವೆ, ಸಾಕಿದವರ ಮನೆಗೆ ಪೊಲೀಸರು ಬರುತ್ತಾರೆ, ಕೂಡಲೇ ಎಲ್ಲರಿಗೂ ತಿಳಿಸಿ ಎಂಬುದು ಅದರ ಸಾರ. ಹಿಂದಿನ ರಾತ್ರಿಯಷ್ಟೇ ಮೈಸೂರಿನ ಅಕ್ಕ, ಮಕ್ಕಳ ಕಾಟ ತಡೆಯಲಾಗದೆ ಒಂದು ನಾಯಿಮರಿ ತರಬೇಕೆಂದಿದ್ದೇವೆ, ಲ್ಯಾಬ್ರಡಾರ್ ಆಗಬಹುದೇ ಅಥವಾ ಬೇರೆ ಯಾವುದಾದರೂ ಒಳ್ಳೆಯದೇ, ತಿಳಿದವರು ಹೇಳಿ ಎಂದು ಕೇಳಿದ್ದಳು. ಅತ್ತೆಗೆ ನಾಯಿಯೆಂದರೆ ಮೊದಲಿನಿಂದಲೂ ಭಯ. ಆದ್ದರಿಂದ ಅವರ ಕಣ್ಣಿಗೆ ಅದು ಬರಿಯ ಸುದ್ದಿಯಾಗಿರದೆ, ತಾವು ವರ್ಷಗಳಿಂದ ಹೇಳುತ್ತ ಬಂದ ಮಾತಿಗೆ ಸರ್ಕಾರವೇ ಹಾಕಿಕೊಟ್ಟ ರುಜುವಾಗಿತ್ತು. ಕೆಳಗೆ ತಮ್ಮದೊಂದು ವಾಕ್ಯವನ್ನೂ ಸೇರಿಸಿದ್ದರು: "ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಈಗಲಾದರೂ ಓದಿ."

ನಮ್ಮ ಗುಂಪಿನಲ್ಲಿ ಎಲ್ಲರೂ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂಬುದು ದೊಡ್ಡಪ್ಪನವರ ಕಟ್ಟಳೆ. ಅವರು ಕನ್ನಡ ಅಧ್ಯಾಪಕರಾಗಿ ನಿವೃತ್ತರಾದವರು. ಹೀಗಾಗಿ ನಮ್ಮಲ್ಲಿ ಜಗಳಗಳು ಕೂಡ ವ್ಯಾಕರಣಬದ್ಧವಾಗಿ ನಡೆಯುತ್ತವೆ.

ಮೊದಲು ಬಂದವರು ಶಿವಮೊಗ್ಗದ ಚಿಕ್ಕಪ್ಪ. "ಅಕ್ಕ, ಈ ಆದೇಶದ ಸಂಖ್ಯೆ ಏನು, ದಿನಾಂಕ ಏನು, ಸಹಿ ಯಾರದು? ಈ ಮೂರೂ ಇಲ್ಲದ ಕಾಗದವನ್ನು ನಾನು ಬ್ಯಾಂಕಿನಲ್ಲಿದ್ದಾಗ ಕೈಯಲ್ಲಿ ಹಿಡಿಯುತ್ತಲೂ ಇರಲಿಲ್ಲ."

"ನಿನ್ನ ಬ್ಯಾಂಕಿನ ಸುದ್ದಿಯನ್ನು ಯಾರೂ ಕೇಳಲಿಲ್ಲ. ಇದನ್ನು ನನಗೆ ಕಳಿಸಿದವರು ನಮ್ಮ ಭಜನಾ ಮಂಡಳಿಯವರು. ಅವರು ಸುಳ್ಳು ಹೇಳುವವರಲ್ಲ."

"ಅವರು ಸುಳ್ಳು ಹೇಳಿದರೆಂದು ನಾನು ಎಲ್ಲಿ ಬರೆದಿದ್ದೇನೆ? ತೋರಿಸು."

ಚಿಕ್ಕಪ್ಪನವರ ಒಂದು ಗುಣವನ್ನು ಮೆಚ್ಚಬೇಕು. ಆಧಾರ ಕೇಳುವವರು ಸಾಮಾನ್ಯವಾಗಿ ಕೇಳಿ ಸುಮ್ಮನಾಗುತ್ತಾರೆ, ಇವರು ತಾವೇ ಹುಡುಕಿಯೂ ತರುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಬರೆದ ಉದ್ದನೆಯ ಸಂದೇಶದಲ್ಲಿ ವಿಷಯ ಸ್ಪಷ್ಟವಾಗಿತ್ತು. ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರವೊಂದನ್ನು ಬರೆದು, ಪಿಟ್‌ಬುಲ್, ರಾಟ್‌ವೀಲರ್, ಟೋಸಾ ಇನು ಮೊದಲಾದ 23 ಬಗೆಯ ನಾಯಿಗಳ ಆಮದು, ಸಂತಾನವೃದ್ಧಿ ಮತ್ತು ಮಾರಾಟಕ್ಕೆ ಪರವಾನಗಿ ಕೊಡಬಾರದೆಂದೂ, ಈಗಾಗಲೇ ಸಾಕಿರುವವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ಸೂಚಿಸಿದ್ದು ನಿಜ. ಲ್ಯಾಬ್ರಡಾರ್ ಆ ಪಟ್ಟಿಯಲ್ಲಿ ಇರಲೇ ಇಲ್ಲ, ಜರ್ಮನ್ ಶೆಫರ್ಡ್ ಕೂಡ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ ಆ ಸುತ್ತೋಲೆಯನ್ನು ನಮ್ಮ ಕರ್ನಾಟಕ ಹೈಕೋರ್ಟೇ ಅದೇ ವರ್ಷದ ಏಪ್ರಿಲ್ 10ರಂದು ರದ್ದುಪಡಿಸಿತು.

ನಿಷೇಧದ ಸುದ್ದಿಗೆ ಬೇಕಾದ ಉತ್ತರ ಅಲ್ಲಿಗೆ ಸಿಕ್ಕಿತ್ತು. ಆದರೆ ಅತ್ತೆ ಆ ಸಂದೇಶದಲ್ಲಿ ಓದಿದ್ದು ಕೊನೆಯ ಸಾಲನ್ನು ಮಾತ್ರ, ಅಂದರೆ "ಇನ್ನು ಮುಂದೆ ಕಳಿಸುವ ಮೊದಲು ಓದಿ ಕಳಿಸು" ಎಂಬುದನ್ನು. "ನನ್ನ ಮಗಳ ಮದುವೆಯ ಕರೆಯೋಲೆಯನ್ನು ಓದದೆ ಮುಹೂರ್ತ ಮುಗಿದ ಮೇಲೆ ಬಂದವನು ನನಗೆ ಓದಲು ಹೇಳಬೇಕಾಗಿಲ್ಲ" ಎಂದು ಅವರು ಉತ್ತರಿಸಿದರು. ಆ ಮದುವೆಯಾಗಿ ಎರಡು ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಆಗ ದೊಡ್ಡಪ್ಪನವರು ಪ್ರವೇಶಿಸಿದರು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಸುಮಾರಿಗೆ ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದ ಕಥೆಯನ್ನು ಅವರು ಶಾಸನದ ಸಮೇತ ವಿವರಿಸಿದರು. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಅರಸ ಬೂತುಗನು ಮೆಚ್ಚಿ ಬೇಕಾದ್ದನ್ನು ಬೇಡು ಎಂದಾಗ, ಅವನು ಬೂತುಗನ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನಂತೆ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟಾದ ಮೇಲೆ ಉಪದೇಶ ಬಂದೇ ಬಂತು: "ನಾಯಿಗೆ ಕಲ್ಲು ನಿಲ್ಲಿಸಿ, ಅದನ್ನು ಪೂಜಿಸದೆ ಗೊರವನು, ಅಂದರೆ ಅಲ್ಲಿನ ಶೈವ ಪೂಜಾರಿಯು, ಉಣ್ಣಬಾರದೆಂದು ಶಾಸನ ಬರೆಸಿದ ನಾಡಿನವರು ನಾವು. ಇಂದಿನವರಿಗೆ ನಾಯಿಯೂ ಬೇಡ, ಶಾಸನವೂ ಬೇಡ, ಹಿರಿಯರೂ ಬೇಡ."

"ಹಾಗಾದರೆ ಅಣ್ಣ, ಮೈಸೂರಿನವರ ಮನೆಗೆ ಹೋದರೆ ನಾನು ನಾಯಿಗೆ ಪೂಜೆ ಮಾಡಿದ ಮೇಲೆ ಊಟಕ್ಕೆ ಕುಳಿತುಕೊಳ್ಳಬೇಕೋ?" ಎಂದು ಅತ್ತೆ ಕೇಳಿದರು. ಇಡೀ ದಿನದಲ್ಲಿ ಹೆಚ್ಚು ಜನ ನಕ್ಕದ್ದು ಈ ಸಂದೇಶಕ್ಕೆ, ದೊಡ್ಡಪ್ಪ ಮಾತ್ರ ನಗಲಿಲ್ಲ.

ಅತ್ತೆಯ ಅಳಿಯ ಬಾಗಲಕೋಟೆಯಲ್ಲಿ ನೌಕರಿಯಲ್ಲಿರುವವರು. ಅತ್ತೆಯವರ ಎದುರು ಮಾತನಾಡುವ ಧೈರ್ಯವಿಲ್ಲದಿದ್ದರೂ ಮುಧೋಳ ನಾಯಿಯ ಪರವಾಗಿ ಅವರು ಬರೆಯದೆ ಇರಲಾಗಲಿಲ್ಲ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟದ್ದು, ಸೇನೆ ಮೀರತ್‌ನಲ್ಲಿ ಇವುಗಳಿಗೆ ತರಬೇತಿ ನೀಡಿದ್ದು, ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿರುವುದು ಎಲ್ಲವನ್ನೂ ಬರೆದು, ಚಿಕ್ಕಪ್ಪ ಕೇಳುವ ಮೊದಲೇ 2005ರಲ್ಲಿ ಅಂಚೆ ಇಲಾಖೆ ಹೊರತಂದ ಮುಧೋಳ ನಾಯಿಯ ಅಂಚೆಚೀಟಿಯ ಚಿತ್ರವನ್ನೂ ಲಗತ್ತಿಸಿದರು. ಚಿಕ್ಕಪ್ಪನವರ ಹೆಬ್ಬೆರಳು ಮೇಲೆದ್ದದ್ದನ್ನು ನಾನು ಕಂಡದ್ದು ಅಂದೇ ಮೊದಲು. ಆದರೆ ಅಕ್ಕನದು ಎರಡನೆಯ ಮಹಡಿಯ ಬಾಡಿಗೆ ಮನೆ, ಮುಧೋಳವಾದರೋ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿ ಬಯಲಿನಲ್ಲಿ ಓಡಲೆಂದೇ ಬೆಳೆದ ಬೇಟೆನಾಯಿ ಎಂಬುದನ್ನು ಯಾರೂ ಕೇಳಲಿಲ್ಲ.

ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಎಚ್ಚರಗೊಂಡದ್ದು ನಮ್ಮ ಸಂಜೆಗೆ. ಅವನು ಬರೆದದ್ದು ಅಜ್ಜನ ಮನೆಯ ರಾಜನ ಬಗ್ಗೆ. ಕರಿಯ ಮೈ, ಒಂದು ಕಿವಿ ಹರಿದ ಆ ನಾಯಿ ಗದ್ದೆಯವರೆಗೆ ಅಜ್ಜನ ಹಿಂದೆ ಹೋಗಿ ಬರುತ್ತಿದ್ದದ್ದು, ಮಜ್ಜಿಗೆಯನ್ನ ಬಿಟ್ಟು ಬೇರೇನನ್ನೂ ಮುಟ್ಟದಿದ್ದದ್ದು, ದೀಪಾವಳಿಯ ಪಟಾಕಿಗೆ ಹೆದರಿ ಭತ್ತದ ಕಣಜದ ಹಿಂದೆ ಅಡಗುತ್ತಿದ್ದದ್ದು. ಬಹಳ ಚೆನ್ನಾಗಿ ಬರೆದಿದ್ದ, ನಾನು ಎರಡು ಸಲ ಓದಿದೆ. ಆದರೆ ಕೊನೆಯಲ್ಲಿ ಅವನು ಕೇಳಬಾರದ್ದನ್ನು ಕೇಳಿದ: "ಮನೆ ಮಾರಿದಾಗ ರಾಜನನ್ನು ಯಾರು ಕರೆದುಕೊಂಡು ಹೋದರು?"

ಯಾರೂ ಕರೆದುಕೊಂಡು ಹೋಗಿರಲಿಲ್ಲ. ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆಂದು ಹೇಳಿ ಎಲ್ಲರೂ ಬಸ್ ಹತ್ತಿದ್ದರು. ಈ ಒಂದು ಪ್ರಶ್ನೆಯಿಂದ, ಮನೆ ಮಾರಲು ಅವಸರ ಮಾಡಿದವರು ಯಾರು, ದೊಡ್ಡ ಪಾಲು ಯಾರಿಗೆ ಹೋಯಿತು, ಅಜ್ಜಿಯ ಕಾಸಿನ ಸರ ಯಾರ ಪೆಟ್ಟಿಗೆ ಸೇರಿತು ಎಂಬಲ್ಲಿಗೆ ಮಾತು ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ರಾಜನನ್ನು ಶಿವಮೊಗ್ಗಕ್ಕೆ ಒಯ್ಯುತ್ತೇನೆಂದು ನಾನು ಹೇಳಿದ್ದೆ, ಬಾಡಿಗೆ ಮನೆಯಲ್ಲಿ ಬೇಡವೆಂದು ತಡೆದವರು ಅಣ್ಣ" ಎಂದು ಚಿಕ್ಕಪ್ಪ ಬರೆದರು. "ಅದಕ್ಕೆ ಆಧಾರ ಕೊಡು" ಎಂದು ದೊಡ್ಡಪ್ಪ ಕೇಳಿದರು. ಚಿಕ್ಕಪ್ಪನವರ ಬಳಿ ಆದೇಶದ ಸಂಖ್ಯೆಯಾಗಲಿ ದಿನಾಂಕವಾಗಲಿ ಇರಲಿಲ್ಲ.

ಈ ಗದ್ದಲದ ನಡುವೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳು ಒಂದು ಸಂದೇಶ ಹಾಕಿದ್ದಳು. ಅಕ್ಕನ ಪ್ರಶ್ನೆಗೆ ನಿಜವಾಗಿ ಉತ್ತರ ಕೊಟ್ಟವಳು ಅವಳೊಬ್ಬಳೇ, ಅದಕ್ಕೆ ಪ್ರತಿಕ್ರಿಯೆ ಬಂದದ್ದು ಅಕ್ಕನಿಂದ ಮಾತ್ರ. ಎಂಟು ವಾರ ತುಂಬದ ಮರಿಯನ್ನು ಮಾರಲು ನಾಯಿಗಳ ಸಂತಾನವೃದ್ಧಿ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳಲ್ಲಿ ಅವಕಾಶವಿಲ್ಲ, ಸಂತಾನವೃದ್ಧಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು ಆರಂಭಿಸಿ, ಅವಳು ಹೀಗೆ ಮುಂದುವರಿಸಿದ್ದಳು: "ತಳಿಯ ಹೆಸರು ಕೇಳುವುದಕ್ಕಿಂತ ಮೊದಲು ತಾಯಿಯನ್ನು ತೋರಿಸಿ ಎಂದು ಕೇಳಿ ಅಕ್ಕ, ತೋರಿಸದಿದ್ದರೆ ಎದ್ದು ಬನ್ನಿ. ತಾಯಿ ಮನುಷ್ಯರನ್ನು ಕಂಡು ನಡುಗುವಂತಿದ್ದರೆ ಮರಿಯೂ ಹಾಗೆಯೇ ಬೆಳೆಯಬಹುದು. ಮರಿಯ ಒಸಡು ಗುಲಾಬಿ ಬಣ್ಣದ್ದಾಗಿರಬೇಕು, ಕಣ್ಣಿನಲ್ಲಿ ಪಿಸುರು ಇರಬಾರದು, ಬಾಲದ ಕೆಳಗೆ ಭೇದಿಯ ಕಲೆ ಇರಬಾರದು. ಮೈ ಸೊರಗಿ ಹೊಟ್ಟೆ ಮಾತ್ರ ಊದಿದ್ದರೆ ಜಂತುಹುಳು ಇರಬಹುದು. ಮೊದಲ ಚುಚ್ಚುಮದ್ದು ಆರರಿಂದ ಎಂಟನೆಯ ವಾರದೊಳಗೆ ಆಗುತ್ತದೆ, ಮುಂದಿನವು ಮೂರು ನಾಲ್ಕು ವಾರಗಳ ಅಂತರದಲ್ಲಿ, ರೇಬಿಸ್‌ನದು ಮೂರು ತಿಂಗಳಿಗೆ. ಅವೆಲ್ಲ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಇಳಿಸಬೇಡಿ, ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ವಾಂತಿಭೇದಿ ರೋಗ ಮಣ್ಣಿನಿಂದಲೂ ಬರುತ್ತದೆ. ಎಲ್ಲಕ್ಕಿಂತ ಮೊದಲು ಹೇಳಿ, ಹಗಲು ಮನೆಯಲ್ಲಿ ಇರುವವರು ಯಾರು?"

ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ತೂಕವಿದ್ದದ್ದು ಆ ಕೊನೆಯ ಪ್ರಶ್ನೆಗೆ. ಲ್ಯಾಬ್ರಡಾರ್ ಆಗಲಿ ಬೀದಿಯ ಮರಿಯಾಗಲಿ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬೆಳೆದರೆ ಚಪ್ಪಲಿ, ಸೋಫಾ, ನೆರೆಯವರ ನಿದ್ದೆ ಯಾವುದೂ ಉಳಿಯುವುದಿಲ್ಲ. ಭಾವನ ತಾಯಿ ಹಗಲು ಮನೆಯಲ್ಲಿರುತ್ತಾರೆ, ಆದರೆ ಅವರಿಗೆ ಮಂಡಿನೋವು. ಒಂದು ವರ್ಷಕ್ಕೇ ಇಪ್ಪತ್ತೈದು ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರನ್ನು ಹಿಡಿದು ಅವರು ಮೆಟ್ಟಿಲು ಇಳಿಯುವುದು ಹೇಗೆ? ಇದನ್ನು ಯೋಚಿಸಿದವರು ಗುಂಪಿನಲ್ಲಿ ಏನೂ ಬರೆಯದ ಭಾವ.

ಮರುವಾರ ಅವರು ತಮ್ಮ ಸಹೋದ್ಯೋಗಿಯೊಬ್ಬರ ಕಾರ್ ಶೆಡ್ಡಿನಲ್ಲಿ ನಾಡುನಾಯಿಯೊಂದು ಹಾಕಿದ್ದ ಮರಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋದರು. ತಾಯಿ ಅಲ್ಲಿಯೇ ಇತ್ತು, ಬಂದವರನ್ನು ಮೂಸಿ ನೋಡಿ ಬಾಲ ಆಡಿಸಿತು. ಎಲ್ಲಕ್ಕಿಂತ ಮೊದಲು ಓಡಿ ಬಂದು ಪ್ಯಾಂಟು ಕಚ್ಚಿದ ಮರಿಯನ್ನು ಮಗ ಬೇಕೆಂದ, ಮೂಲೆಯಲ್ಲಿ ಮುದುಡಿ ಕುಳಿತದ್ದನ್ನು ಮಗಳು ಪಾಪ ಎಂದು ಎತ್ತಿಕೊಂಡಳು. ಭಾವ ಎರಡನ್ನೂ ಬಿಟ್ಟು, ಹತ್ತಿರ ಬಂದು ಕೈ ಮೂಸಿ ಮತ್ತೆ ಆಟಕ್ಕೆ ಹೋದ ಕಂದು ಬಣ್ಣದ ಹೆಣ್ಣು ಮರಿಯನ್ನು ಆರಿಸಿದರು. ಎಂಟು ವಾರ ತುಂಬಿದ ಮೇಲೆ ಮನೆಗೆ ತಂದರು.

ಅಕ್ಕ ಮರಿಯ ಚಿತ್ರವನ್ನು ಗುಂಪಿಗೆ ಹಾಕಿದಾಗ ದೊಡ್ಡಪ್ಪ ಅದಕ್ಕೆ ಕಾಳಿ ಎಂದೇ ಹೆಸರಿಡಬೇಕೆಂದರು. ಕಂದು ಬಣ್ಣದ್ದಕ್ಕೆ ಕಾಳಿ ಹೇಗಾಗುತ್ತದೆ ಎಂದು ಅತ್ತೆ ಆಕ್ಷೇಪಿಸಿದರು. ಚಿಕ್ಕಪ್ಪ ಹೆಸರಿನ ಗೊಡವೆಗೆ ಹೋಗದೆ ಲಸಿಕೆಯ ಪುಸ್ತಕದ ಚಿತ್ರ ಕೇಳಿದರು. ಅಕ್ಕ ಕಳಿಸಿದಳು.

"ಎರಡನೆಯ ಡೋಸಿನ ಮುಂದೆ ವೈದ್ಯರ ಸಹಿ ಇಲ್ಲ" ಎಂದು ಅವರು ಬರೆದರು.

"ಅದು ಬರುವ ಬುಧವಾರ, ಚಿಕ್ಕಪ್ಪ" ಎಂದು ಭಾವ ಉತ್ತರಿಸಿದರು. ಗುಂಪಿನಲ್ಲಿ ಅವರು ಬರೆದ ಮೊದಲ ವಾಕ್ಯ ಅದು.