18 ವರ್ಷದ ಮಿಷನರಿ ಪರದೇಶಕ್ಕೆ ಹೊಂದಿಕೊಳ್ಳುತ್ತಾನೋ, ವೇಷ ಹಾಕುತ್ತಾನೋ?

ತಿಳಿನೀರು: ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಚರ್ಚಿನ ಹುಡುಗರ ಬಗ್ಗೆ ಓದುತ್ತಿದ್ದೆ. 2012ರಲ್ಲಿ ಮಿಷನ್‌ಗೆ, ಅಂದರೆ ಧರ್ಮಪ್ರಚಾರಕ್ಕೆ, ಹೋಗುವ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ ಇಳಿಸಿದರು. ಎರಡು ವರ್ಷ ಸೇವೆ, ಯಾವ ದೇಶ ಅನ್ನೋದು ಚರ್ಚಿನ ತೀರ್ಮಾನ. ಕೆಲವು ವಾರ ಭಾಷೆ ಕಲಿಸಿ ಕಳಿಸುತ್ತಾರೆ, ಉಳಿದದ್ದನ್ನು ಬೀದಿಯೇ ಕಲಿಸುತ್ತದೆ. ಗೊತ್ತಿಲ್ಲದವರ ಮನೆಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ತಪ್ಪು ತಪ್ಪು ಮಾತಾಡಿ ನಗಿಸಿಕೊಂಡು ಬರುತ್ತಾರೆ. ಪ್ಯಾಕೇಜ್ ಟೂರ್ ಮುಗಿಸಿ 'ಆ ದೇಶ ನೋಡಿಬಿಟ್ಟೆ' ಅನ್ನುವವರಿಗಿಂತ ಇವರೇ ವಾಸಿ ಅಂತ ನನ್ನ ವಾದ. ನಂಬಿಕೆ ಬದಿಗಿಡಿ, ಹೊಂದಿಕೊಳ್ಳುವ ಮಾತು ಮಾತ್ರ ಆಡೋಣ.

ಗುಂಡುಕಲ್ಲು: 'ನಂಬಿಕೆ ಬದಿಗಿಡಿ' ಅಂತೆ! ಅದನ್ನ ಬದಿಗಿಡೋ ಹಾಗಿದ್ರೆ ಅವರು ಊರು ಬಿಡ್ತಾನೇ ಇರ್ಲಿಲ್ಲ ಸ್ವಾಮಿ. ಅವರು ಭಾಷೆ ಕಲಿಯೋದು ಕೇಳಿಸಿಕೊಳ್ಳೋಕಲ್ಲ, ಹೇಳೋಕೆ. ಚರ್ಚಿಂದ ಸಂಬಳ ತಗೊಂಡು ಮಾಡೋ ಕೆಲಸಕ್ಕೆ ಸಂಸ್ಕೃತಿಯ ಹೆಸರು ಬೇಡ.

ಮಲ್ಲಿಗೆದಂಡೆ: ಸಂಬಳ ಅಂತ ಯಾರು ಹೇಳಿದ್ದು ನಿಮಗೆ? ಅಮೆರಿಕದ ಹುಡುಗ ಹೋದರೆ ಅವನೋ ಅವನ ಮನೆಯವರೋ ತಿಂಗಳು ತಿಂಗಳು ಕಟ್ಟಬೇಕು. 400 ಡಾಲರ್ ಇತ್ತು, 2020ರ ಜುಲೈಯಿಂದ 500.

ಗುಂಡುಕಲ್ಲು: ಇನ್ನೂ ಕಷ್ಟ ಆಯ್ತಲ್ಲ. ಕೈಯಿಂದ ದುಡ್ಡು ಹಾಕಿದವನು ಎಷ್ಟು ಜನ ಸಿಕ್ಕಿದ್ರು ಅಂತ ಲೆಕ್ಕ ನೋಡದೆ ಇರ್ತಾನಾ?

ಮಲ್ಲಿಗೆದಂಡೆ: ಸಂಬಳ ತಗೊಂಡರೂ ತಪ್ಪು, ಕೊಟ್ಟರೂ ತಪ್ಪು. ತೀರ್ಪು ಮೊದಲೇ ಬರೆದಿಟ್ಟುಕೊಂಡು ಬಂದಿದ್ದೀರಿ.

ರಾತ್ರಿಪಾಳಿ: 'ಬೀದಿಯೇ ಕಲಿಸುತ್ತದೆ' ಅನ್ನೋದು ಚೆನ್ನಾಗಿದೆ. ಆದರೆ ಆ ಬೀದಿಗೆ ಒಬ್ಬನೇ ಕಾಲಿಡುವ ಹಾಗಿಲ್ಲವಲ್ಲ? ದಿನವಿಡೀ ಜೊತೆಯಲ್ಲಿ ಇನ್ನೊಬ್ಬ ಮಿಷನರಿ. ಪ್ರೀತಿ ಪ್ರೇಮ ಇಲ್ಲ. 2019ರ ಫೆಬ್ರವರಿವರೆಗೆ ಮನೆಗೆ ಫೋನ್ ವರ್ಷಕ್ಕೆರಡೇ ಸಲ, ಕ್ರಿಸ್‌ಮಸ್ಸಿಗೊಂದು, ಅಮ್ಮಂದಿರ ದಿನಕ್ಕೊಂದು. ಎದೆ ಮೇಲೆ ಕರೀ ಹೆಸರುಪಟ್ಟಿ, ಲೋಕಕ್ಕೆಲ್ಲ ಒಂದೇ ಬಿಳಿ ಶರ್ಟು. ಇಷ್ಟು ಬೇಲಿ ಹಾಕಿಕೊಂಡವರ ಒಳಗೆ ಪರದೇಶ ಎಲ್ಲಿಂದ ನುಗ್ಗುತ್ತೆ?

ತಿಳಿನೀರು: 'ಒಂದೇ ಬಿಳಿ ಶರ್ಟು' ಹಳೇ ಕತೆ. 2020ರಲ್ಲಿ ನೀಲಿ ಶರ್ಟಿಗೂ ಒಪ್ಪಿದರು, ಕೆಲವು ಕಡೆ ಟೈ ಕೂಡ ಬೇಕಿಲ್ಲ. ಹುಡುಗಿಯರು 2018ರ ಕೊನೆಯಿಂದ ಪ್ಯಾಂಟ್ ಹಾಕಬಹುದು. ಉಡುಪಿನ ಮಾತೇ ಆದರೆ ಹಳೇ ಕಾಲದ ಮಿಷನರಿ ಹಡ್ಸನ್ ಟೇಲರ್ ನೋಡಿ. 1854ರಲ್ಲಿ 21 ವರ್ಷದ ಇಂಗ್ಲಿಷ್ ಹುಡುಗ ಶಾಂಘೈನಲ್ಲಿ ಇಳಿದ. ಮರುವರ್ಷ ಮುಂದಲೆ ಬೋಳಿಸಿ, ಚೀನೀ ನಿಲುವಂಗಿ ತೊಟ್ಟು, ಜಡೆ ಹಾಕಿಕೊಂಡ. ಜೊತೆಯ ಬಿಳಿಯರೇ ಮೂಗು ಮುರಿದರು. ಇದಕ್ಕಿಂತ ಹೊಂದಾಣಿಕೆ ಬೇಕೇ?

ಇತಿಹಾಸದಹುಳ: ಜಡೆ ಚೀನೀ ಸಂಸ್ಕೃತಿ ಅಂತ ಯಾರು ಹೇಳಿದರು? 1645ರಲ್ಲಿ ಚೀನಾವನ್ನು ಗೆದ್ದ ಮಂಚು ಅರಸರು ಅಲ್ಲಿನ ಬಹುಸಂಖ್ಯಾತ ಹಾನ್ ಗಂಡಸರ ಮೇಲೆ ಹೇರಿದ್ದು ಅದು. ತಲೆ ಬೋಳಿಸದಿದ್ದರೆ ತಲೆಯೇ ಹೋಗುತ್ತಿತ್ತು. ಟೇಲರ್ ಗೌರವಿಸಿದ್ದು ಜನರನ್ನಲ್ಲ, ದೊರೆಯ ಅಪ್ಪಣೆಯನ್ನು.

ತಿಳಿನೀರು: ನಡುವೆ 210 ವರ್ಷ ಕಳೆದಿತ್ತು ಸಾರ್. ಅಷ್ಟು ಹೊತ್ತಿಗೆ ಪ್ರತಿಯೊಬ್ಬ ಗಂಡಸಿಗೂ ಅದೇ ವಾಡಿಕೆ. ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದರೆ ನಾವು ಹಾಕುವ ಪ್ಯಾಂಟನ್ನೂ ಬಿಚ್ಚಬೇಕಾಗುತ್ತೆ.

ಇತಿಹಾಸದಹುಳ: 'ಪ್ರತಿಯೊಬ್ಬ'! ಟೇಲರ್ ಇಳಿದ ವರ್ಷ ಶಾಂಘೈನ ಕೋಟೆಯೊಳಗಿನ ಊರೇ ದಂಗೆಕೋರರ ಕೈಲಿತ್ತು. ಆಚೆ ನಾನ್‌ಜಿಂಗ್‌ನಲ್ಲಿ ಮಂಚು ಅರಸರ ವಿರುದ್ಧ ದಂಗೆ ಎದ್ದ ತೈಪಿಂಗ್ ಪಡೆ. ಅವರು ಮುಂದಲೆ ಬೋಳಿಸೋದನ್ನು ಬಿಟ್ಟು ಉದ್ದ ಕೂದಲು ಬೆಳೆಸಿದ್ದೇ ಮಂಚು ಆಳ್ವಿಕೆ ಬೇಡ ಅನ್ನಲಿಕ್ಕೆ. ಕೂದಲು ನೋಡಿ ಯಾವ ಪಕ್ಷ ಅಂತ ತೀರ್ಮಾನಿಸುತ್ತಿದ್ದ ಕಾಲ. ಇಷ್ಟಕ್ಕೂ ಅವರ ನಾಯಕ ಹಾಂಗ್ ಶಿಯುಚುವಾನ್ ಕ್ರೈಸ್ತ ಕರಪತ್ರ ಓದಿ ತಾನು ಯೇಸುವಿನ ತಮ್ಮ ಅಂದುಕೊಂಡವನು.

ಗುಂಡುಕಲ್ಲು: 'ಯೇಸುವಿನ ತಮ್ಮ'! ಕರಪತ್ರ ಹಂಚಿದ್ದರ ಫಲ ನೋಡ್ರಪ್ಪಾ. ಆ ದಂಗೆಯಲ್ಲಿ ಕೋಟಿಗಟ್ಟಲೆ ಜನ ಸತ್ತರು. ಇನ್ನೂ ಹುಡುಗರನ್ನ ಕಳಿಸಿ ಅಂತೀರಾ?

ಮಲ್ಲಿಗೆದಂಡೆ: ಆ ಕರಪತ್ರ ಬರೆದ ಲಿಯಾಂಗ್ ಫಾ ಸ್ವತಃ ಚೀನೀಯ. ಓದದೆ ಬರೆಯೋದು ನಿಮಗೆ ರೂಢಿಯಾಗಿಬಿಟ್ಟಿದೆ. ಎಲ್ಲಿ 18 ವರ್ಷದ ಮಕ್ಕಳು, ಎಲ್ಲಿ ತೈಪಿಂಗ್!

ಗುಂಡುಕಲ್ಲು: 'ಮಕ್ಕಳು' ಅಂತ ನೀವೇ ಅಂದ್ರಿ. ಮಕ್ಕಳನ್ನ ಧರ್ಮಪ್ರಚಾರಕ್ಕೆ ಕಳಿಸಬಾರದು ಅಂತಾನೇ ನಾನೂ ಹೇಳ್ತಿರೋದು.

ಇತಿಹಾಸದಹುಳ: ಜಡೆಯ ವಿಷಯ ತೇಲಿಸಬೇಡಿ, ತಿಳಿನೀರು ಅವರೇ. 1868ರಲ್ಲಿ ಯಾಂಗ್‌ಝೌನಲ್ಲಿ ಟೇಲರ್ ಮನೆಗೆ ಜನ ನುಗ್ಗಿದಾಗ ಏನಾಯ್ತು? ಬ್ರಿಟಿಷ್ ಕಾನ್ಸಲ್ ಯುದ್ಧನೌಕೆ ತಂದ. ಜಡೆ ಚೀನಾದ್ದು, ಬೆನ್ನ ಹಿಂದಿನ ಫಿರಂಗಿ ಲಂಡನ್ನಿನದು.

ತಿಳಿನೀರು: ಅರ್ಧ ಹೇಳಿ ನಿಲ್ಲಿಸಬೇಡಿ. 1900ರಲ್ಲಿ ಚೀನಾದಲ್ಲಿ ವಿದೇಶಿಯರ, ಕ್ರೈಸ್ತರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಅವನ ಚೈನಾ ಇನ್‌ಲ್ಯಾಂಡ್ ಮಿಷನ್ ಕಳೆದುಕೊಂಡದ್ದು 58 ಜನ ದೊಡ್ಡವರು, 21 ಮಕ್ಕಳು. ಆಮೇಲೆ ಚೀನಾದಿಂದ ಪರಿಹಾರದ ಹಣ ಬೇಡ ಅಂದದ್ದು ಅದೇ ಟೇಲರ್.

ಇತಿಹಾಸದಹುಳ: ನಾನು ಕೇಳಿದ್ದು 1868. ನೀವು ಉತ್ತರಿಸಿದ್ದು 1900.

ತಿಳಿನೀರು: ನಾನು ಕೇಳಿದ್ದು 18 ವರ್ಷದವರ ಬಗ್ಗೆ. ನೀವು ಉತ್ತರಿಸಿದ್ದು 1645.

ಪಡುವಣಗಾಳಿ: ತಡವಾಗಿ ಬಂದೆ. ಜಡೆ ಬಿಟ್ಟು ಬೇರೆ ಮಾತಾಡಬಹುದಾ? ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಚೀನಾಕ್ಕೆ ಬಂದ ಮೊದಲಿಗೆ ಬೌದ್ಧ ಭಿಕ್ಷುವಿನ ಹಾಗೆ ಉಡುತ್ತಿದ್ದ. ಅಧಿಕಾರಿಗಳು ಭಿಕ್ಷುಗಳನ್ನು ಲೆಕ್ಕಕ್ಕೆ ಇಡೋದಿಲ್ಲ ಅಂತ ಅರ್ಥ ಆಗಿ 1595ರಲ್ಲಿ ಪಂಡಿತರ ಉಡುಪಿಗೆ ಬದಲಾದ. ಅಂದರೆ ಹೊಂದಿಕೊಳ್ಳಲಿಕ್ಕೂ ವರ್ಷಗಟ್ಟಲೆ ಗಮನಿಸಬೇಕು. ಕಿಟೆಲ್ ಕೂಡ ಈ ಕಡೆ ಬಂದದ್ದು 21ಕ್ಕೇ, 1853ರಲ್ಲಿ. ನಿಘಂಟು ಹೊರಬಂದದ್ದು 1894ರಲ್ಲಿ. ಆ 41 ವರ್ಷಕ್ಕೆ ನಾನು ತಲೆಬಾಗುತ್ತೇನೆ. ಎರಡು ವರ್ಷ ಮುಗಿದ ದಿನ ವಿಮಾನ ಹತ್ತುವವನಿಗೆ ಏನು ಗೊತ್ತಾಗಿರುತ್ತೆ? ವಯಸ್ಸು ಸಮಸ್ಯೆಯಲ್ಲ, ವಾಪಸ್ ಟಿಕೆಟ್ ಸಮಸ್ಯೆ.

ರಾತ್ರಿಪಾಳಿ: 'ವಯಸ್ಸು ಸಮಸ್ಯೆಯಲ್ಲ' ಅನ್ನೋದಕ್ಕೆ ನನ್ನ ಬಳಿಯೂ ಉದಾಹರಣೆ ಇದೆ. 2018ರಲ್ಲಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಸತ್ತ ಅಮೆರಿಕದ ಮಿಷನರಿ ಜಾನ್ ಚೌಗೆ 26. ಭಾಷಾವಿಜ್ಞಾನದ ತರಬೇತಿ ಪಡೆದಿದ್ದ. ಅಲ್ಲಿಗೆ ಹೊರಗಿನವರು ಹೋಗಬಾರದು ಅಂತ ಕಾನೂನು ಇದೆ, ಮೀನುಗಾರರಿಗೆ ದುಡ್ಡು ಕೊಟ್ಟು ಹೋದ. ಎದುರಿನವರು ಬಾಣ ಬಿಟ್ಟು ಬೇಡ ಅಂದರು, ಅದನ್ನೂ ಕೇಳಲಿಲ್ಲ. ಇದು ಯಾವ ತಯಾರಿ?

ಮಲ್ಲಿಗೆದಂಡೆ: ಒಬ್ಬ ಜಾನ್ ಚೌ ಹಿಡಿದುಕೊಂಡು ಎಲ್ಲರನ್ನೂ ಅಳೆಯುತ್ತೀರಾ? ಮತ್ತೆ ಅವನು ಮಾರ್ಮನ್ನೂ ಅಲ್ಲ.

ರಾತ್ರಿಪಾಳಿ: ಟೇಲರ್ ಮಾರ್ಮನ್ ಆಗಿದ್ದನಾ? ಆಗ ಯಾಕೆ ಸುಮ್ಮನಿದ್ದಿರಿ?

ಇತಿಹಾಸದಹುಳ: ಪಡುವಣಗಾಳಿ, ಆ '41 ವರ್ಷ' ತಪ್ಪು ಚಿತ್ರ ಕೊಡುತ್ತೆ. ಕಿಟೆಲ್ ಅಷ್ಟೂ ಕಾಲ ಇಲ್ಲೇ ಇರಲಿಲ್ಲ, ನಡುವೆ ಜರ್ಮನಿಯಲ್ಲೂ ಇದ್ದರು.

ಪಡುವಣಗಾಳಿ: ಜರ್ಮನಿಯಲ್ಲಿ ಕೂತು ಜರ್ಮನ್ ನಿಘಂಟು ಬರೆದರಾ?

ರಾತ್ರಿಪಾಳಿ: ಶುರುವಾಯ್ತು. ನನಗೆ ಡ್ಯೂಟಿ ಇದೆ, ನೀವು ಮುಂದುವರಿಸಿ.