ಮಿಷನ್ ಟ್ರಿಪ್ಪಿಗೆ ವಾರ್ಜೆ ಸಾಕಾ?

"ಈ ಸಲ ನಮ್ಮ ಚರ್ಚಿನ ಯುವಜನ ಸಂಘದ ಮಿಷನ್ ಟ್ರಿಪ್, ಅದೇ ಸೇವೆಗೆ ಹೋಗುವ ಪ್ರವಾಸ, ಫಿಕ್ಸ್ ಆಯಿತು. ಮೂರು ದಿನ. ಜಾಗ ಇಲ್ಲೇ ಪುಣೆಯ ವಾರ್ಜೆ" ಅಂದ ನಮ್ಮ ಸ್ಯಾಮ್.

ಶೆಟ್ರು ಚಹಾದ ಕಪ್ಪು ಕೆಳಗಿಟ್ಟರು. ಶೆಟ್ರು ಚರ್ಚಿನವರಲ್ಲ. ಆದರೆ ಭಾನುವಾರದ ಆರಾಧನೆ ಮುಗಿಸಿ ನಾವು ಅಮೃತತುಲ್ಯ ಚಹಾದಂಗಡಿಗೆ ಬರುವ ಹೊತ್ತಿಗೆ ಅವರು ಹಾಜರ್. ಪುಣೆಯಲ್ಲಿ ಸ್ವಂತ ಹೋಟೆಲ್ ಇದ್ದೂ ಬೇರೆಯವರ ಅಂಗಡಿಯಲ್ಲಿ ಚಹಾ ಕುಡಿಯುವ ಮನುಷ್ಯ.

"ವಾರ್ಜೆಗೆ ಸಿಟಿ ಬಸ್ಸೇ ಹೋಗುತ್ತದಲ್ಲ ಮಾರಾಯ! ಟ್ರಿಪ್ ಅಂದ ಮೇಲೆ ಒಂದು ಘಾಟಾದರೂ ಬರಬೇಡವಾ? ಯಾರಾದರೂ ಒಬ್ಬರು ವಾಂತಿ ಮಾಡಬೇಡವಾ?"

"ನಮ್ಮ ಹುಡುಗರೂ ಹಾಗೇ ಅಂದರು ಶೆಟ್ರೇ. ಅರ್ಧ ಜನಕ್ಕೆ ಗೋವಾ ಬೇಕಂತೆ. ಅಲ್ಲಿ ಸೇವೆಗೆ ಜಾಸ್ತಿ ಅವಕಾಶ ಇದೆಯಂತೆ, ಅದೂ ಬೀಚಿನ ಹತ್ತಿರವೇ."

ಮಾಸ್ತರು ಗಂಟಲು ಸರಿಮಾಡಿಕೊಂಡರು. "ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ, ಎಂಟನೇ ವಚನ. ಮೊದಲು ಯೆರೂಸಲೇಮು, ಆಮೇಲೆ ಯೂದಾಯ, ಆಮೇಲೆ ಸಮಾರ್ಯ, ಕೊನೆಗೆ ಭೂಮಿಯ ಕಟ್ಟಕಡೆ. ನಿಮ್ಮ ಹುಡುಗರು ಪಟ್ಟಿಯನ್ನು ಕೆಳಗಿನಿಂದ ಓದುತ್ತಾರೆ."

"ಆದರೂ ಹಿತ್ತಲ ಗಿಡ ಮದ್ದಲ್ಲ ಅಲ್ವಾ?" ಅಂದರು ಶೆಟ್ರು.

"ನಜರೇತಿನಲ್ಲಿ ಯೇಸುವಿಗೂ ಅದೇ ಆಯಿತು" ಅಂದರು ಮಾಸ್ತರು. "ಅವರ ಊರಿನವರೇ ಇವನು ಆ ಬಡಗಿಯ ಮಗ ಅಲ್ವಾ ಅಂದುಬಿಟ್ಟರು. ಅಷ್ಟು ದೂರ ಯಾಕೆ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಅಮೆರಿಕವನ್ನೆಲ್ಲ ಸುತ್ತಿ ಬಂದವರು. ಕೆಲಸ ಮಾಡಿದ್ದು ಇಲ್ಲಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಅನ್ನುವ ಶಾಲೆ, ಮರುವರ್ಷ ಅದೇ ಪುಣೆಗೆ ಬಂತು. ಅಂದ ಹಾಗೆ ಅವರ ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಹತ್ತಿರದ ಮಾಳದವರು."

"ನಮ್ಮ ಮಾಳವಾ!" ಶೆಟ್ರು ನೆಟ್ಟಗೆ ಕೂತರು. "ಹಾಗಾದರೆ ವಾರ್ಜೆ ಆಗಬಹುದು."

ಮಾಸ್ತರರ ಕೈಗೆ ಇಸವಿ ಸಿಕ್ಕರೆ ಎಲ್ಲರ ಚಹಾ ಆರುತ್ತದೆ. ಗ್ರೇಸಕ್ಕ ಮಧ್ಯೆ ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು.

"ವಾರ್ಜೆಯ ಮಜೂರ್ ಅಡ್ಡಾದಲ್ಲಿ, ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗದಲ್ಲಿ, ಬೆಳಗ್ಗೆ ಹೋಗಿ ನಿಂತು ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಮಾತು ಕಿವಿಗೆ ಬೀಳುತ್ತದೆ. ಕಿಟೆಲ್ ಸಾಹೇಬರು 1853ರಲ್ಲಿ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟು ಕೊಟ್ಟರು. ನಮ್ಮ ಹುಡುಗರಿಗೆ ಆ ಕಷ್ಟ ಇಲ್ಲ. ಮನೆಯಲ್ಲಿ ಬೈಸಿಕೊಂಡೇ ಕಲಿತಿದ್ದಾರೆ."

"ಸರಿ, ಅಲ್ಲಿ ಹೋಗಿ ಏನು ಹಂಚುತ್ತೀರಿ? ಪುಸ್ತಕ ಗಿಸ್ತಕ?" ಶೆಟ್ರ ಪ್ರಶ್ನೆಯಲ್ಲಿ ಸ್ವಲ್ಪ ಅನುಮಾನವಿತ್ತು.

"ಫಾರಂ. ಹಂಚುವುದಲ್ಲ, ತುಂಬಿಸುವುದು" ಅಂದಳು ಗ್ರೇಸಕ್ಕ. " ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡು, ರೇಷನ್ ಕಾರ್ಡಿನ ಆಧಾರ್ ಜೋಡಣೆ, ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ. ಯಾದಗಿರಿಯ ರೇಷನ್ ಕಾರ್ಡಿಗೆ ಪುಣೆಯಲ್ಲೂ ಧಾನ್ಯ ಸಿಗುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊನ್ನೆ ಒಬ್ಬ ಅಜ್ಜಿಯನ್ನು ರೇಷನ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಹೆಬ್ಬೆಟ್ಟು ಒತ್ತಿದರೆ ಮಷೀನು ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಒತ್ತಿದಳು, ಇಲ್ಲ. ತಲೆಗೂದಲ ಎಣ್ಣೆಗೆ ತಿಕ್ಕಿ ಒತ್ತಿದಳು, ಇಲ್ಲ. ಸಿಮೆಂಟು ಕಲಸಿ ಕಲಸಿ ಬೆರಳ ಗೆರೆಯೇ ಹೋಗಿದೆ. 'ಇದಕ ನನ್ನ ಗುರ್ತ ಹತ್ತವಲ್ದವ್ವಾ' ಅಂತ ನಗುತ್ತಾಳೆ. ಕೊನೆಗೆ ಎಡಗೈ ಕಿರುಬೆರಳು ನಡೆಯಿತು. ಅಂಗಡಿಯವನು ಅಕ್ಕಿ ತೂಗುವ ತನಕ ಅವಳು ಆ ಬೆರಳನ್ನು ಮೇಲೆತ್ತಿಕೊಂಡೇ ನಿಂತಿದ್ದಳು, ಕೆಳಗಿಳಿಸಿದರೆ ಎಲ್ಲಿ ಅಳಿಸಿಹೋಗುತ್ತದೋ ಅನ್ನುವ ಹಾಗೆ."

ಸ್ಯಾಮ್ ತಡವರಿಸಿದ. "ಇದೆಲ್ಲ ಸರಿ ಅಕ್ಕಾ. ಆದರೆ ಟೀ-ಶರ್ಟಿಗೆ ಆರ್ಡರ್ ಕೊಟ್ಟಾಗಿದೆ."

"ಒಂದೇ ಬಣ್ಣದ ಶರ್ಟು ಹಾಕಿಕೊಂಡು ಅಡ್ಡಾಕ್ಕೆ ಹೋಗಿ, ಗೊತ್ತಾಗುತ್ತದೆ" ಅಂದರು ಶೆಟ್ರು. "ಯಾವ ಪಾರ್ಟಿ, ದಿನಕ್ಕೆ ಎಷ್ಟು ಕೊಡುತ್ತಾರೆ, ಬಿರಿಯಾನಿ ಇದೆಯಾ ಅಂತ ಕೇಳುತ್ತಾರೆ."

ಇನ್ನೊಂದು ತೊಂದರೆಯೂ ಇತ್ತು. ಅಡ್ಡಾ ತುಂಬುವುದು ಬೆಳ್ಳಂಬೆಳಗ್ಗೆ. ನಮ್ಮ ಯುವಜನರು ಕಣ್ಣು ಬಿಡುವ ಹೊತ್ತಿಗೆ ಅಲ್ಲಿ ಬೀಡಿ ತುಂಡೂ ಇರುವುದಿಲ್ಲ. ಅದಕ್ಕೇ ಮೂರು ರಾತ್ರಿ ಚರ್ಚಿನ ಹಾಲ್‌ನಲ್ಲಿ ಚಾಪೆ ಮೇಲೆ ಮಲಗಿಸುವುದು, ಫೋನು ಗ್ರೇಸಕ್ಕನ ಚೀಲದಲ್ಲಿ.

ನನಗೆ ಈ ವಾರ್ಜೆ ಹಿಡಿಸಿದ್ದು ಬೇರೆ ಕಾರಣಕ್ಕೆ. ದೂರದ ಹಳ್ಳಿಗೆ ಹೋಗಿ ಶಾಲೆಯ ಗೋಡೆಗೆ ಬಣ್ಣ ಬಳಿದು, ಗುಂಪು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಬಹುದು. ಮಳೆಗಾಲಕ್ಕೆ ಬಣ್ಣ ಕಿತ್ತು ಬಂದರೆ ಕೇಳುವವರು ಯಾರು? ಇಲ್ಲಿ ಹಾಗಲ್ಲ. ಫಾರಂ ತಪ್ಪಾಗಿ ತುಂಬಿದರೆ ಮುಂದಿನ ಭಾನುವಾರ ಆ ಅಜ್ಜಿ ಚರ್ಚಿನ ಗೇಟಿನಲ್ಲೇ ಹಿಡಿಯುತ್ತಾಳೆ, ಅದೂ ಅಚ್ಚಕನ್ನಡದಲ್ಲಿ. ಇದನ್ನು ಹೇಳಿದ್ದಕ್ಕೆ ಸ್ಯಾಮ್‌ನ ಮುಖ ಬಾಡಿತು.

"ಕಟ್ಟಡ ಮಂಡಳಿಯದ್ದೇ ತಲೆನೋವು" ಅಂದಳು ಗ್ರೇಸಕ್ಕ. "ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಕಾಗದ ಬೇಕು. ಗುತ್ತಿಗೆದಾರರು ಸಹಿ ಹಾಕುವುದಿಲ್ಲ."

"ಛೇ, ಎಂಥ ಜನ!" ಅಂದರು ಶೆಟ್ರು.

"ನಿಮ್ಮ ಹೊಸ ಹೋಟೆಲ್ ಕಟ್ಟಿದ್ದೂ ಇದೇ ಅಡ್ಡಾದವರು ಅಲ್ವಾ ಶೆಟ್ರೇ?" ಮಾಸ್ತರು ಕೇಳಿದರು.

ಶೆಟ್ರು ಖಾಲಿ ಕಪ್ಪನ್ನೇ ಒಮ್ಮೆ ಹೀರಿದರು. "ಹೌದು. ಆದರೆ ಆ ಗುತ್ತಿಗೆದಾರ ಫೋನು ಎತ್ತುವುದಿಲ್ಲ."

"ಅವನ ಕೊನೆಯ ಬಿಲ್ಲು ನಿಮ್ಮ ಹತ್ತಿರ ಬಾಕಿ ಇದೆ ಅಂತಿದ್ರಲ್ಲ. ನೀವು ಮಾಡಿದರೆ ಎತ್ತುತ್ತಾನೆ."

"ಒಂದು ಕೆಲಸ ಮಾಡುವಾ. ಮೂರು ದಿನ ಮಕ್ಕಳ ತಿಂಡಿ ನನ್ನದು. ಇಡ್ಲಿ, ವಡೆ, ಬೇಕಾದಷ್ಟು. ಈ ಸಹಿ ಗಿಹಿ ಮಾತ್ರ ನನಗೆ ಹಚ್ಚಬೇಡಿ."

"ಬರೆದುಕೋ ಸ್ಯಾಮ್" ಅಂದಳು ಗ್ರೇಸಕ್ಕ. "ಶೆಟ್ರ ಹೆಸರಿನ ಮುಂದೆ, ಮೊದಲು ಸಹಿ, ಆಮೇಲೆ ಇಡ್ಲಿ."