ದೊಡ್ಡ ಸೆಡಾನ್ ತಗ್ಗಿಸೋಕೆ ಸ್ಪ್ರಿಂಗ್ ಬದಲಾಯಿಸಬಹುದಾ?

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನಮಸ್ಕಾರ ಸರ್. ನನ್ನದು 2017ರ ಸ್ಕೋಡಾ ಸೂಪರ್ಬ್, ಡೀಸೆಲ್. ಚಕ್ರಕ್ಕೂ ಫೆಂಡರ್‌ಗೂ ನಡುವೆ ಇರೋ ಜಾಗ ನೋಡಿದರೆ ಗಾಡಿ ಎದ್ದು ನಿಂತ ಹಾಗೆ ಕಾಣುತ್ತೆ. 40 ಮಿ.ಮೀ. ತಗ್ಗಿಸೋ ಸ್ಪ್ರಿಂಗ್ ಹಾಕಿಸೋ ಆಸೆ ಇದೆ. ಒಂದು ಗ್ಯಾರೇಜಲ್ಲಿ ಕೇಳಿದರೆ, "ಹೊಸದು ಯಾಕೆ ಸರ್, ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕಟ್ ಮಾಡಿ ಕೊಡ್ತೀನಿ" ಅಂದರು. ಆಗಾಗ ಮನೆಯವರು ಐದು ಜನ ಹಾಸನದ ಕಡೆ ಊರಿಗೆ ಹೋಗ್ತೀವಿ. ಏನು ಮಾಡಲಿ?

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್): ಕಟ್ ಮಾಡಿಸೋ ಯೋಚನೆ ಇವತ್ತೇ ಬಿಡಿ ಸರ್. ಸ್ಪ್ರಿಂಗಿನ ಕೊನೆಯ ಸುತ್ತನ್ನ ಅದರ ಸೀಟಿನ (ಸ್ಪ್ರಿಂಗ್ ಕೂರೋ ತಟ್ಟೆಯ) ಮೇಲೆ ಸರಿಯಾಗಿ ಕೂರೋ ಹಾಗೆ ಬಗ್ಗಿಸಿರ್ತಾರೆ. ಅದನ್ನ ಕತ್ತರಿಸಿದರೆ ತುದಿ ಕೂರೋದಿಲ್ಲ. ಗುಂಡಿಗೆ ಚಕ್ರ ಇಳಿದು ನೇತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರೀಬಹುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತೆ, ಆದರೆ ಎಷ್ಟು ಗಡುಸು ಅಂತ ಲೆಕ್ಕ ಹಾಕಿ ಯಾರೂ ಕತ್ತರಿಸೋದಿಲ್ಲ. ಗ್ಯಾಸಲ್ಲಿ ಕಾಯಿಸಿ ಕೂರಿಸೋದು ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗುತ್ತೆ.

ಈಗ ನಿಮ್ಮ 40 ಮಿ.ಮೀ. ವಿಷಯ. ಐದೂ ಜನ ಕೂತು, ಡಿಕ್ಕಿ ತುಂಬಿಸಿ, ಎರಡು ಆಕ್ಸಲ್ ನಡುವೆ ಅತಿ ತಗ್ಗಾದ ಜಾಗ ಹುಡುಕಿ ನೆಲದಿಂದ ಅಳೆದು ಹೇಳಿ. ಖಾಲಿ ಗಾಡಿಯ ಅಳತೆ ಸಾಲದು.

ಪ್ರಶ್ನಿಸಿದವರು: ಅಳೆದೆ ಸರ್. ಐದು ಜನ, ಲಗೇಜು ಎಲ್ಲ ಸೇರಿ 125 ಮಿ.ಮೀ.

ಉತ್ತರ: ಹಾಗಾದರೆ ಲೆಕ್ಕ ನೋಡೋಣ. ರಸ್ತೆಗಳ ಅಳತೆ-ಮಾನದಂಡ ಹೇಳೋ ಸಂಸ್ಥೆ ಇಂಡಿಯನ್ ರೋಡ್ ಕಾಂಗ್ರೆಸ್ ಹೇಳೋ ಗುಂಡಗಿನ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ನಿಮ್ಮ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುಬಿಂದುಗಳ ನಡುವಿನ ದೂರ) 2841 ಮಿ.ಮೀ. ನಾಲ್ಕೂ ಚಕ್ರ ಆ ಹಂಪಿನ ಮೇಲೆ ಇದ್ದಾಗ ನಡುಭಾಗದ ಕೆಳಗೆ ಸುಮಾರು 59 ಮಿ.ಮೀ. ಹಂಪೇ ತಿಂದುಬಿಡುತ್ತೆ. 125ರಲ್ಲಿ 40 ಕಳೆದರೆ 85, ಅದರಲ್ಲಿ 59 ಹೋದರೆ ಉಳಿಯೋದು 26. ಹೊಸ ಸ್ಪ್ರಿಂಗ್ ಗಡುಸಾಗಿರೋದರಿಂದ ಭಾರಕ್ಕೆ ಸ್ವಲ್ಪ ಕಡಿಮೆ ಕುಗ್ಗಬಹುದು. ಆದರೂ ವೇಗವಾಗಿ ಹತ್ತಿಸಿದಾಗ ಗಾಡಿ ಕೆಳಕ್ಕೆ ಅದುಮೋದು ಈ ಲೆಕ್ಕದಲ್ಲಿ ಸೇರಿಲ್ಲ.

ಇದು ಅಳತೆಗೆ ಸರಿಯಾಗಿ ಕಟ್ಟಿದ ಹಂಪಿನ ಮಾತು. ಊರೊಳಗೆ ಕಿರಿದಾಗಿ, ಕಡಿದಾಗಿ ಹಾಕಿರ್ತಾರಲ್ಲ, ಅಲ್ಲಿ ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಹತ್ತಿರೋದಿಲ್ಲ. ಹಂಪಿನ ಪೂರ್ತಿ ಎತ್ತರ ಗಾಡಿಯ ಹೊಟ್ಟೆ ಕೆಳಗೇ ಬರುತ್ತೆ. ಉದ್ದ ವೀಲ್‌ಬೇಸಿನ ಗಾಡಿಗಳಿಗೆ ಈ ಕಷ್ಟ ಜಾಸ್ತಿ. 100 ಮಿ.ಮೀ. ಎತ್ತರದ ಅಂಥ ಹಂಪನ್ನ ಈಗ ದಾಟ್ತೀರಿ. 40 ತಗ್ಗಿಸಿದರೆ ತಾಗುತ್ತೆ.

ಮನೆಯವರನ್ನ ಕೂರಿಸಿಕೊಂಡು ಊರಿಗೆ ಹೋಗೋ ಗಾಡಿಗೆ 40 ಬೇಡವೇ ಬೇಡ. ಒಬ್ಬರೇ ಓಡಿಸೋ ಗಾಡಿಯಾಗಿದ್ದರೆ 25ರವರೆಗೆ ಒಪ್ಪುತ್ತಿದ್ದೆ.

ಕಾನೂನನ್ನೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಕಿಸೋ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಬರಹದಲ್ಲಿ ಕೇಳಿಕೊಳ್ಳಿ.

ಪ್ರಶ್ನೆ (ಮ್ಯೂನಿಕ್‌ನಲ್ಲಿರುವ ಸದಸ್ಯರು): ಇಲ್ಲಿ ಐಬಾಕ್, ಎಚ್ ಆ್ಯಂಡ್ ಆರ್ ಸ್ಪ್ರಿಂಗ್‌ಗಳ ಜೊತೆ ಪ್ರಮಾಣಪತ್ರ ಬರುತ್ತೆ. ಹಾಕಿಸಿದ ಮೇಲೆ ಟ್ಯೂಫ್ (ಇಲ್ಲಿನ ವಾಹನ ತಪಾಸಣಾ ಸಂಸ್ಥೆ) ತಪಾಸಣೆ ಮಾಡಿಸಬೇಕು. ತಮ್ಮನಿಗೆ ಒಂದು ಸೆಟ್ ಕಳಿಸಿದರೆ ಆ ಪತ್ರ ಕರ್ನಾಟಕದಲ್ಲಿ ನಡೆಯುತ್ತಾ?

ಉತ್ತರ: ಇಲ್ಲಿ ಅದನ್ನ ಅನುಮತಿ ಅಂತ ತೋರಿಸೋಕಾಗಲ್ಲ. ಆದರೆ ಎಸೀಬೇಡಿ, ಕಳಿಸಿ. ಆ ಸ್ಪ್ರಿಂಗ್ ಎಷ್ಟು ಕೆ.ಜಿ. ಆಕ್ಸಲ್ ಭಾರದವರೆಗೆ ಆಗುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ಒಂದೇ ಮಾಡೆಲ್ ಆದರೂ ಡೀಸೆಲ್ ಎಂಜಿನ್ನಿಗೆ ಮುಂದಿನ ಭಾರ ಜಾಸ್ತಿ. ಪೆಟ್ರೋಲಿನ ಸೆಟ್ ತಂದು ಡೀಸೆಲ್ ಗಾಡಿಗೆ ಹಾಕಿದರೆ ಮೂತಿ ಲೆಕ್ಕಕ್ಕಿಂತ ಜಾಸ್ತಿ ಕೂತುಬಿಡುತ್ತೆ. ಪೆಟ್ಟಿಗೆ ಮೇಲಿನ ಮಾಡೆಲ್ ಹೆಸರು ನೋಡಿದರೆ ಸಾಲದು, ಈ ಭಾರ ನೋಡಿ.

ಪ್ರಶ್ನೆ (ಇನ್ನೊಬ್ಬರು): ಶಾಕ್ ಅಬ್ಸಾರ್ಬರ್ ಹಳೇದೇ ಇರಬಹುದಾ?

ಉತ್ತರ: ಎಣ್ಣೆ ಒಸರಿದ್ದರೆ, ಅಥವಾ ಗಾಡಿ ಹಂಪ್ ಇಳಿದ ಮೇಲೂ ತೂಗಾಡ್ತಿದ್ದರೆ, ಖಂಡಿತ ಬೇಡ. ಗಡುಸು ಸ್ಪ್ರಿಂಗ್ ಹಿಂದಕ್ಕೆ ಪುಟಿಯೋದನ್ನ ತಡೆಯೋ ಶಕ್ತಿ ಸವೆದ ಶಾಕಿಗೆ ಇರೋದಿಲ್ಲ. ಎತ್ತರ ಕಡಿಮೆಯಾದಾಗ ಶಾಕಿನ ಬಾಡಿ, ಕೊನೆಯಲ್ಲಿ ತಡೆಯೋ ರಬ್ಬರಿಗೆ ಅಂದರೆ ಬಂಪ್ ಸ್ಟಾಪರ್‌ಗೆ ಹತ್ತಿರವಾಗುತ್ತೆ, ಹಾಗಾಗಿ ಸ್ಪ್ರಿಂಗ್ ತಯಾರಕರು ಹೇಳಿದ ಸ್ಟಾಪರನ್ನೇ ಹಾಕಬೇಕು.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ, ನಮ್ದೂ ಇದ ಗಾಡಿ. 25 ಮಿ.ಮೀ.ದ ಸ್ಪ್ರಿಂಗ್ ಹಾಕಿಸೇನಿ. ಈಗ ಹಂಪ್ ಇಳಿಯೋವಾಗ ಕಿರಕಿರ ಸಪ್ಪಳ ಬರ್ತೈತಿ, ಮುಂದಿನ ಟೈರಿನ ಒಳಗಿನ ಅಂಚು ಸವದೈತಿ. ರಾತ್ರಿ ಲೈಟ್ ಸೈತ ಮೊದಲಿನ ಜಾಗಕ್ಕ ಬೀಳಂಗಿಲ್ಲ. ಸ್ಪ್ರಿಂಗ್ ಖರಾಬ್ ಐತೇನ್ರಿ?

ಉತ್ತರ: ಸ್ಪ್ರಿಂಗಿಗಿಂತ ಮೊದಲು ಕೂರಿಸಿದ ರೀತಿಯನ್ನ ನೋಡಬೇಕು ಸರ್. ಟೈರಿನ ಒಳ ಅಂಚು ತಿನ್ನೋದು ಹೆಚ್ಚಾಗಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ತಪ್ಪಿದಾಗ. ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದ್ದೀರಾ? ಮುಂದೆ ಟೋ ಹೊಂದಿಸಬಹುದು, ಎದುರಿಂದ ನೋಡಿದಾಗ ಚಕ್ರ ವಾಲಿರೋ ಕೋನ ಅಂದರೆ ಕ್ಯಾಂಬರ್‌ಗೆ ಅಷ್ಟು ಅವಕಾಶ ಇಲ್ಲ. ಹಿಂದೆ ಎರಡನ್ನೂ ಹೊಂದಿಸಬಹುದು, ಆದ್ದರಿಂದ ನಾಲ್ಕೂ ಚಕ್ರ ಮಾಡಿಸಿ. ನಿಮ್ಮ ಹೆಡ್‌ಲೈಟ್ ತಾನಾಗೇ ಮೇಲೆ ಕೆಳಗೆ ಆಗೋ ತರದ್ದಾದರೆ, ಸಸ್ಪೆನ್ಷನ್ನಿಗೆ ಸೇರಿಸಿರೋ ಸೆನ್ಸರ್ ಎತ್ತರ ಓದುತ್ತೆ. ಹೊಸ ಎತ್ತರವನ್ನ ಸ್ಕ್ಯಾನರ್ ಹಾಕಿ ಮತ್ತೆ ಸೆಟ್ ಮಾಡಿಸಬೇಕು. ಎದುರಿನವರ ಕಣ್ಣಿನ ವಿಷಯ, ತಡ ಮಾಡಬೇಡಿ.

ಸಪ್ಪಳಕ್ಕೆ ಬುಷ್ (ಸಸ್ಪೆನ್ಷನ್ ಕೀಲಿನ ರಬ್ಬರ್) ಮೇಲೆ ನನಗೆ ಅನುಮಾನ. ಚಕ್ರವನ್ನ ಗಾಡಿಗೆ ಹಿಡಿದಿರೋ ಕಂಟ್ರೋಲ್ ಆರ್ಮ್ ಬುಷ್‌ನ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡೇ ಇರುತ್ತೆ, ತಿರುಗೋದಿಲ್ಲ, ತಿರುಚಿಕೊಳ್ಳುತ್ತೆ. ಲಿಫ್ಟ್ ಮೇಲೆ ಚಕ್ರ ನೇತಾಡೋವಾಗ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಸ್ಟ್ರಟ್ (ಮುಂದಿನ ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಮೇಲಿನ ಬೇರಿಂಗನ್ನೂ ನೋಡಿಸಿ. ಸ್ಟ್ರಟ್ ಬಿಚ್ಚಿದಾಗಲೇ ಅದನ್ನ ಹೊಸದು ಹಾಕೋದು ಒಳ್ಳೆಯ ಪದ್ಧತಿ.

ಗ್ಯಾರೇಜಿನವರಿಗೆ ಹೀಗೆ ಹೇಳಿ: ಮೊದಲು ಹರಿದ ಬುಷ್ ಇದೆಯಾ ನೋಡಲಿ, ಇದ್ದರೆ ಬದಲಾಯಿಸಲಿ. ಆಮೇಲೆ ಬುಷ್ ಬೋಲ್ಟ್‌ಗಳನ್ನ ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ನಿಂತ ಎತ್ತರದಲ್ಲೇ ಬಿಗೀಲಿ. ಒಂದೇ ಸಲ ಬಳಸೋ ಬೋಲ್ಟ್ ಇದ್ದ ಕಡೆ ಹೊಸದನ್ನೇ ಹಾಕಲಿ. ಅಲೈನ್‌ಮೆಂಟ್ ಇದಾದ ಮೇಲೆ, ಲೈಟ್ ಸೆಟ್ಟಿಂಗ್ ಕೊನೆಗೆ.